ಮಣ್ಣಿಲ್ಲದ ಅಖಾಡ: ನೋ-ಗಿ ಗ್ರ್ಯಾಪ್ಲಿಂಗ್ ಬಗ್ಗೆ ಓದುಗರು ಕೇಳಿದ್ದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜಿಮ್‌ಗಳಲ್ಲಿ ಸಂಜೆ ಹೊತ್ತು ಕಲಿಸುವ ನೋ-ಗಿ ಸಬ್‌ಮಿಷನ್ ಗ್ರ್ಯಾಪ್ಲಿಂಗ್ ಬಗ್ಗೆ ಇವೆ. ಕೇಳಿದವರೆಲ್ಲ ಗರಡಿ ಮನೆ ಕಂಡ ಸೀಮೆಯವರು. ಹಾಗಾಗಿ ಕುಸ್ತಿಯ ಮಾತೂ ಜೊತೆಗೆ ಬಂದಿದೆ.

ಪ್ರಶ್ನೆ: ನನಗ 36 ವರ್ಷ. ಕೂತು ಮಾಡೋ ಕೆಲಸ. ನಾ ಹೋಗೋ ಜಿಮ್‌ನ್ಯಾಗ ವಾರಕ್ಕ ಮೂರು ಸಂಜಿ ನೋ-ಗಿ ಗ್ರ್ಯಾಪ್ಲಿಂಗ್ ಕಲಸಾಕ ಶುರು ಮಾಡ್ಯಾರ. ಇದು ಏನು, ಈ ವಯಸ್ಸಿನ್ಯಾಗ ಸೇರಬಹುದೇನ್ರಿ? ಮೊದಲನೇ ದಿನ ಏನೇನು ಬೇಕು?
— ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಸೇರಬಹುದು. ಇದರಲ್ಲಿ ಗುದ್ದು, ಒದೆತ ಇಲ್ಲ. ಎದುರಿನವರನ್ನು ಹಿಡಿದು ಕೆಡವಿ, ನೆಲದ ಮೇಲೆ ಹತೋಟಿಗೆ ತಂದು, ಕೀಲಿಗೆ ಲಾಕ್ ಅಥವಾ ಕುತ್ತಿಗೆಗೆ ಚೋಕ್ ಹಾಕಿ ಸೋಲು ಒಪ್ಪಿಸುವುದೇ ಆಟ. ಜುಡೋ, ಬ್ರೆಜಿಲಿಯನ್ ಜಿಯು-ಜಿತ್ಸು ಆಡುವವರು ತೊಡುವ ದಪ್ಪ ಜಾಕೆಟ್‌ಗೆ ಗಿ ಅನ್ನುತ್ತಾರೆ. ಅದನ್ನು ತೊಡದೆ ಆಡುವುದು ನೋ-ಗಿ. ಬಟ್ಟೆ ಹಿಡಿದು ಎಳೆಯುವಂತಿಲ್ಲವಾದ್ದರಿಂದ ಮಣಿಕಟ್ಟು, ಮೊಣಕೈ, ಕಂಕುಳು, ಕುತ್ತಿಗೆ, ಹಿಮ್ಮಡಿ ಇವೇ ಹಿಡಿಯುವ ಜಾಗ. ಬೆವರಿಗೆ ಕೈ ಜಾರುವುದರಿಂದ ಆಟ ಚುರುಕಾಗಿರುತ್ತದೆ. 1998ರಲ್ಲಿ ಅಬುಧಾಬಿಯಲ್ಲಿ ಶುರುವಾದ ಎಡಿಸಿಸಿ ಈ ಆಟದ ಅತಿ ದೊಡ್ಡ ಸ್ಪರ್ಧೆ.

ಸಾಮಾನ್ಯ ಕ್ಲಾಸು ಒಂದರಿಂದ ಒಂದೂವರೆ ತಾಸು. ಮೊದಲು ಮೈ ಬಿಸಿ ಮಾಡುವುದು, ಆಮೇಲೆ ಒಂದೆರಡು ಪಟ್ಟುಗಳನ್ನು ಜೋಡಿಯಾಗಿ ಅಭ್ಯಾಸ ಮಾಡುವುದು, ಕೊನೆಗೆ ಐದೈದು ನಿಮಿಷದ ಸುತ್ತುಗಳಲ್ಲಿ ನಿಜವಾದ ಪಟ್ಟಿನ ಆಟ. ಇದಕ್ಕೆ ರೋಲಿಂಗ್ ಅನ್ನುತ್ತಾರೆ. ಹೊಸಬರು ಮೊದಲ ಎರಡು-ಮೂರು ವಾರ ಪೂರ್ತಿ ರೋಲಿಂಗ್‌ಗೆ ಇಳಿಯದೆ, ಒಂದು ಗೊತ್ತಾದ ಭಂಗಿಯಿಂದ ಶುರು ಮಾಡುವ ಸುತ್ತುಗಳನ್ನಷ್ಟೇ ಆಡುವುದು ಒಳ್ಳೆಯದು. ಉದಾಹರಣೆಗೆ ಒಬ್ಬರು ಅಡ್ಡಲಾಗಿ ಎದೆಯ ಮೇಲೆ ಬಿದ್ದಿರುತ್ತಾರೆ, ಕೆಳಗಿನವರು ಬಿಡಿಸಿಕೊಳ್ಳಬೇಕು. ಬಿಡಿಸಿಕೊಂಡರೆ ಮತ್ತೆ ಮೊದಲಿನಿಂದ. ಈ ಮಾತನ್ನು ಕೋಚ್‌ಗೆ ನೀವಾಗಿಯೇ ಹೇಳಿ.

ಪಟ್ಟಿಗಿಂತ ಮೊದಲು ಕಲಿಯಬೇಕಾದದ್ದು ಟ್ಯಾಪ್. ಸೋತೆ, ಬಿಡು ಎನ್ನಲು ಜೊತೆಗಾರರ ಮೈಮೇಲೆ ಎರಡು-ಮೂರು ಸಲ ಸ್ಪಷ್ಟವಾಗಿ ತಟ್ಟುವುದು. ಕೈ ಸಿಕ್ಕಿಕೊಂಡಿದ್ದರೆ ಕಾಲಿನಿಂದ ಮ್ಯಾಟ್ ಬಡಿಯಿರಿ, ಇಲ್ಲವೇ ಬಾಯಿಬಿಟ್ಟು ‘ಟ್ಯಾಪ್’ ಎನ್ನಿ. ನೋವು ಶುರುವಾಗಲಿ ಎಂದು ಕಾಯಬೇಡಿ, ಪಟ್ಟು ಕೂತದ್ದು ಗೊತ್ತಾದ ಕೂಡಲೇ ತಟ್ಟಿ. ಚೋಕ್ ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳನ್ನು ಒತ್ತುತ್ತದೆ, ಪೂರ್ತಿ ಕೂತರೆ ಐದರಿಂದ ಹತ್ತು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ, ಅಲ್ಲಿ ನೋವೇ ಇಲ್ಲದಿರಬಹುದು. ಹಿಮ್ಮಡಿ ತಿರುಚುವ ಹೀಲ್ ಹುಕ್ ಇನ್ನೂ ಮೋಸದ್ದು: ಹಿಡಿತ ಹಿಮ್ಮಡಿಗೆ, ಪೆಟ್ಟು ಮೊಣಕಾಲಿನ ಲಿಗಮೆಂಟಿಗೆ, ನೋವು ತಿಳಿಯುವ ಹೊತ್ತಿಗೆ ಲಿಗಮೆಂಟ್ ಹರಿದಿರಬಹುದು. ಐಬಿಜೆಜೆಎಫ್ ಎಂಬ ಅಂತರರಾಷ್ಟ್ರೀಯ ಜಿಯು-ಜಿತ್ಸು ಸಂಸ್ಥೆ ಇದನ್ನು ತನ್ನ ನೋ-ಗಿ ಸ್ಪರ್ಧೆಗಳಲ್ಲಿ 2021ರಿಂದ ಒಪ್ಪಿದೆ, ಅದೂ ವಯಸ್ಕರ ವಿಭಾಗದ ಬ್ರೌನ್, ಬ್ಲ್ಯಾಕ್ ಬೆಲ್ಟ್‌ನವರಿಗೆ ಮಾತ್ರ. ಮೊದಲ ತಿಂಗಳಲ್ಲೇ ಹೊಸಬರ ಹಿಮ್ಮಡಿ ತಿರುಚಲು ಬಿಡುವ ಕ್ಲಾಸಿನಿಂದ ಎದ್ದು ಬನ್ನಿ.

ಬೇಕಾದ ಸಾಮಾನು ಕಡಿಮೆ. ಮೈಗೆ ಅಂಟುವ ರ‍್ಯಾಶ್ ಗಾರ್ಡ್ ಅಂಗಿ ಎರಡು, ಜೇಬು, ಜಿಪ್ಪು, ಗುಂಡಿ ಯಾವುದೂ ಇಲ್ಲದ ಚಡ್ಡಿ ಎರಡು, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಹಲ್ಲಿನ ಅಚ್ಚು ಕೂಡಿಸುವ ಮೌತ್ ಗಾರ್ಡ್ ಒಂದು, ಮ್ಯಾಟಿನ ಅಂಚಿನವರೆಗೆ ಮೆಟ್ಟಿಕೊಂಡು ಹೋಗಲು ಚಪ್ಪಲಿ. ಜೇಬಿದ್ದರೆ ಅದರಲ್ಲಿ ಜೊತೆಗಾರರ ಬೆರಳು ಸಿಕ್ಕಿ ಮುರಿಯುತ್ತದೆ. ಉಗುರು ಕತ್ತರಿಸಿಕೊಂಡು ಹೋಗಿ. ಉಂಗುರ, ಕಡಗ, ಕಿವಿಯೋಲೆ, ಕೊರಳಿನ ಸರ ಬಿಚ್ಚಿಡಿ. ಉಡಿದಾರವೂ ಬೆರಳಿಗೆ ಸಿಕ್ಕುವಂಥದ್ದೇ. ಇಷ್ಟಲಿಂಗ ಧರಿಸುವವರು ಕರಡಿಗೆಯನ್ನು ಮನೆಯಲ್ಲೇ ಇಟ್ಟು ಹೋಗುವುದು, ಇಲ್ಲವೇ ಪ್ರತ್ಯೇಕ ಚೀಲದಲ್ಲಿ ಎತ್ತರದ ಜಾಗದಲ್ಲಿಡುವುದು ಮೇಲು. ಎದೆಯ ಮೇಲೆ ಎದುರಿನವರ ಭಾರ ಬಿದ್ದಾಗ ಅದು ಪಕ್ಕೆಲುಬಿಗೆ ಒತ್ತುತ್ತದೆ.

ಈ ವಯಸ್ಸಿನಲ್ಲಿ ಶುರು ಮಾಡುವವರನ್ನು ಮೊದಲ ತಿಂಗಳು ಕಾಡುವುದು ಉಸಿರು. ಉಸಿರು ಹಿಡಿದು, ಸಿಕ್ಕಿದ್ದನ್ನೆಲ್ಲ ಬಿಗಿಯಾಗಿ ಅಮುಕುತ್ತಾರೆ, ಎರಡನೇ ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ, ಆಮೇಲೆ ದಣಿದ ಮೈ ಅಡ್ಡಾದಿಡ್ಡಿ ತಿರುಗಿ ಪಕ್ಕೆಲುಬು ನೋಯಿಸಿಕೊಳ್ಳುತ್ತಾರೆ. ಆ ನೋವು ನಾಲ್ಕರಿಂದ ಆರು ವಾರ ಬಿಡುವುದಿಲ್ಲ. ಮೂಗಿನಿಂದ ಉಸಿರಾಡಲು ಆಗುವಷ್ಟೇ ಬಲ ಹಾಕಿ. ಮೂರು ತಿಂಗಳು ವಾರಕ್ಕೆ ಎರಡೇ ದಿನ ಸಾಕು. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಹೃದಯದ ತೊಂದರೆ, ಮೂರ್ಛೆ ರೋಗ, ಕುತ್ತಿಗೆಯ ಡಿಸ್ಕ್ ಸಮಸ್ಯೆ ಇದ್ದವರು, ಕಣ್ಣಿನ ರೆಟಿನಾ ಸರಿದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮ್ಯಾಟ್ ಹತ್ತಬಾರದು.

ಊಟದ ಮಾತು: ರೊಟ್ಟಿ-ಪಲ್ಯದ ಊಟ ಕ್ಲಾಸಿಗೆ ಮೂರು ತಾಸು ಮೊದಲೇ ಮುಗಿದಿರಲಿ. ಮುಕ್ಕಾಲು ತಾಸು ಮೊದಲು ಒಂದು ಬಾಳೆಹಣ್ಣು. ದಾರಿಯಲ್ಲಿ ಗಿರ್ಮಿಟ್-ಮಿರ್ಚಿ ತಿಂದು ಹೋದರೆ, ಹೊಟ್ಟೆಯ ಮೇಲೆ ಮೊಣಕಾಲು ಕೂತಾಗ ಅದು ಗಂಟಲಿಗೆ ಬರುತ್ತದೆ.

ಪ್ರಶ್ನೆ: ಸಣ್ಣವನಿದ್ದಾಗಿಂದ ಕುಸ್ತಿ ಹಿಡದೀನಿ. ಮಣ್ಣಿನ್ಯಾಗೂ ಆಡೀನಿ, ಮ್ಯಾಟ್ ಮ್ಯಾಲೂ ಆಡೀನಿ. ಈಗ ಹುಬ್ಬಳ್ಳಿಗೆ ಬಂದು ಗ್ರ್ಯಾಪ್ಲಿಂಗ್ ಕ್ಲಾಸ್ ಸೇರೀನಿ. ಎಲ್ಲಾರ್ನೂ ಕೆಡವತೀನಿ. ಆದ್ರ ಕೆಡವಿದ ಮ್ಯಾಲೆ ನನಗಿಂತ 15 ಕೆ.ಜಿ. ಹಗುರ ಇರೋ ಹುಡುಗ ಕುತ್ತಿಗಿ ಹಿಡದು ಟ್ಯಾಪ್ ಮಾಡಸ್ತಾನ. ಎಲ್ಲಿ ತಪ್ಪಾಕತ್ತೈತಿ?
— ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಬಲ, ಕುತ್ತಿಗೆಯ ಗಟ್ಟಿತನ, ಕೈ ಹಿಡಿತ, ಕಾಲಿಗೆ ನುಗ್ಗುವ ಹೊತ್ತಿನ ಅಂದಾಜು, ಇವೆಲ್ಲ ಉಳಿದವರು ವರ್ಷಗಟ್ಟಲೆ ಬೆವರಿಳಿಸಿ ಗಳಿಸುವಂಥವು. ವಸ್ತಾದರು ಕಲಿಸಿದ್ದನ್ನು ಬಿಡಬೇಕಿಲ್ಲ. ಆದರೆ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಆಟ ಮುಗಿಯಿತು. ನಿಮ್ಮ ಮೈಯ ಪ್ರತಿ ಅಭ್ಯಾಸವೂ ಅದನ್ನು ತಪ್ಪಿಸಲು ಬೆಳೆದದ್ದು. ಈ ಆಟದಲ್ಲಿ ಚಿತ್ ಮಾಡಿದ್ದಕ್ಕೆ ಗೆಲುವಿಲ್ಲ. ಎಡಿಸಿಸಿ ಲೆಕ್ಕದಲ್ಲಿ ಕೆಡವಿದ್ದಕ್ಕೆ 2 ಅಂಕ, ಕಾಲುಗಳನ್ನು ದಾಟಿ ಹೋದದ್ದಕ್ಕೆ 3, ಬೆನ್ನು ಹತ್ತಿ ಎರಡೂ ಕಾಲು ಒಳಗೆ ಸಿಕ್ಕಿಸಿದ್ದಕ್ಕೆ 3. ಬೆನ್ನು ಕೊಡುವುದು ಇಲ್ಲಿ ದೊಡ್ಡ ನಷ್ಟ.

ನಿಮಗೆ ಚೋಕ್ ಕೂರುತ್ತಿರುವುದು ಬಹುಮಟ್ಟಿಗೆ ಮೂರು ಕಡೆ.

ಮೊದಲನೆಯದು ಎರಡೂ ಕಾಲಿಗೆ ನುಗ್ಗುವಾಗ. ತಲೆ ತಗ್ಗಿಸಿ, ಎದುರಿನವನ ಪಕ್ಕೆಯ ಹೊರಗೆ ತಲೆ ಇಟ್ಟು ನುಗ್ಗಿದರೆ ಕುತ್ತಿಗೆ ಅವನ ಕಂಕುಳಿಗೆ ತಾನಾಗಿ ಹೋಗುತ್ತದೆ. ಅವನು ಬೀಳುತ್ತ ಬೀಳುತ್ತಲೇ ಗಿಲೋಟಿನ್ ಹಾಕುತ್ತಾನೆ, ಅಂದರೆ ಮುಂದಿನಿಂದ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ ಕೈಯಿಂದ ಬಿಗಿಯುತ್ತಾನೆ. ನೀವು ಕೆಡವಿದೆ ಅಂದುಕೊಂಡ ಗಳಿಗೆಯಲ್ಲಿ ಅವನು ಕಾಲಿನಿಂದ ನಿಮ್ಮ ಸೊಂಟ ಸುತ್ತಿರುತ್ತಾನೆ. ಕಣ್ಣು ಮೇಲಿರಲಿ, ಬೆನ್ನು ನೇರವಿರಲಿ, ಒಂದೇ ಕಾಲು ಹಿಡಿಯುವಾಗ ಹಣೆ ಅವನ ಎದೆಯ ಒಳಬದಿಗೆ ಒತ್ತಿರಲಿ. ಗಿಲೋಟಿನ್ ಬಿತ್ತು ಎನ್ನಿ, ಆಗ ತಲೆಯನ್ನು ಹಿಂದಕ್ಕೆ ಜಗ್ಗಬೇಡಿ, ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಕುತ್ತಿಗೆಗೆ ಬಂದ ಮಣಿಕಟ್ಟನ್ನು ಒಂದು ಕೈಯಿಂದ ಕೆಳಗೆ ಎಳೆದು ಹಿಡಿಯಿರಿ, ಇನ್ನೊಂದು ಕೈಯನ್ನು ಅವನ ದೂರದ ಭುಜದ ಮೇಲಿಂದ ಹಾಕಿ, ನಿಮ್ಮ ತಲೆ ಯಾವ ಬದಿಗೆ ಸಿಕ್ಕಿದೆಯೋ ಅದರ ಎದುರು ಬದಿಗೆ ಕಾಲು ದಾಟಿಸಿ. ಅಲ್ಲಿಂದ ಭುಜವನ್ನು ಅವನ ಗಂಟಲಿಗೆ ಊರಿದರೆ ಅವನೇ ಬಿಡಬೇಕಾಗುತ್ತದೆ.

ಎರಡನೆಯದು ನೀವು ಕೆಳಗೆ ಬಿದ್ದಾಗ. ಚಿತ್ ಆಗಬಾರದೆಂದು ಹೊಟ್ಟೆಯ ಕಡೆ ಮಗುಚುತ್ತೀರಿ, ಅಥವಾ ಕೈ-ಮೊಣಕಾಲ ಮೇಲೆ ಆಮೆಯ ಹಾಗೆ ಕೂರುತ್ತೀರಿ. ಕುಸ್ತಿಯಲ್ಲಿ ಅದು ಸರಿ. ಇಲ್ಲಿ ಆ ಹುಡುಗನಿಗೆ ಬೇಕಾದದ್ದೂ ಅದೇ: ಬೆನ್ನು ಹತ್ತಿ, ಒಂದು ಕೈ ಭುಜದ ಮೇಲಿಂದ, ಇನ್ನೊಂದು ಕಂಕುಳಡಿಯಿಂದ ತಂದು, ಎದೆಯ ಮೇಲೆ ಕೈ ಜೋಡಿಸಿ, ಕಾಲು ಒಳಗೆ ಹಾಕಿ, ಹಿಂದಿನಿಂದ ಕುತ್ತಿಗೆ ಬಿಗಿಯುತ್ತಾನೆ. ಮಗುಚುವ ಬದಲು ಎದುರಿನವನ ಕಡೆಗೇ ತಿರುಗುವುದನ್ನು ಕಲಿಯಿರಿ. ಅವನು ಅಡ್ಡಲಾಗಿ ಮೇಲಿದ್ದರೆ ಒಂದು ಮುಂಗೈ ಅವನ ಕುತ್ತಿಗೆಗೆ, ಇನ್ನೊಂದು ಸೊಂಟಕ್ಕೆ ಅಡ್ಡ ಇಡಿ, ಪಾದ ಊರಿ ಸೊಂಟ ಎತ್ತಿ, ಸೊಂಟವನ್ನು ಅವನಿಂದ ದೂರ ಸರಿಸಿ, ಆದ ಸಂದಿನಲ್ಲಿ ಮೊಣಕಾಲು ತೂರಿಸಿ. ಮೊಣಕಾಲು ಮೊಣಕೈಗೆ ಮುಟ್ಟಿತೆಂದರೆ ಅರ್ಧ ಬಿಡುಗಡೆ ಆದಂತೆ. ಕಾಲುಗಳು ಇಬ್ಬರ ನಡುವೆ ಬಂದರೆ ಅದು ಗಾರ್ಡ್, ಅಲ್ಲಿಂದ ನಿಮಗೂ ಪಟ್ಟು ಹಾಕಲು ಬರುತ್ತದೆ. ದಿನಕ್ಕೆ ಇಪ್ಪತ್ತು ಸಲ ಒಂದೊಂದು ಬದಿಗೆ ಈ ಸೊಂಟ ಸರಿಸುವುದೊಂದನ್ನೇ ಮಾಡಿದರೂ ಎರಡು ತಿಂಗಳಲ್ಲಿ ಆಟ ಬದಲಾಗುತ್ತದೆ.

ಮೂರನೆಯದು ಬೆನ್ನು ಹತ್ತಿದ ಮೇಲೆ ಮಾಡುವ ತಪ್ಪು. ಹಿಂದಿನವನ ಕಾಲು ಬಿಡಿಸಲು ಕೈ ಕೆಳಗೆ ಹೋಗುತ್ತದೆ, ಕುತ್ತಿಗೆ ತೆರೆದು ಬೀಳುತ್ತದೆ. ಕಾಲು ನಿಮ್ಮನ್ನು ಕೊಲ್ಲುವುದಿಲ್ಲ, ಭುಜದ ಮೇಲಿಂದ ಬಂದ ಕೈ ಕೊಲ್ಲುತ್ತದೆ. ಆ ಒಂದು ಕೈಯನ್ನು ನಿಮ್ಮ ಎರಡೂ ಕೈಯಿಂದ ಹಿಡಿದು ಎದೆಗೆ ಇಳಿಸಿ, ಗದ್ದ ತಗ್ಗಿಸಿ, ಅವನ ಇನ್ನೊಂದು ಕೈ ಯಾವ ಕಂಕುಳಡಿಯಿಂದ ಬಂದಿದೆಯೋ ಆ ಬದಿಗೆ ಜಾರಿ, ನಿಮ್ಮ ಎರಡೂ ಭುಜಗಳನ್ನು ಮ್ಯಾಟಿಗೆ ಹಚ್ಚಿರಿ. ಕುಸ್ತಿಯಲ್ಲಿ ಯಾವುದು ಸೋಲೋ ಅದೇ ಇಲ್ಲಿ ಪಾರಾಗುವ ದಾರಿ. ಪೈಲ್ವಾನರ ಮೈ ಇದಕ್ಕೆ ಒಪ್ಪಲು ತಿಂಗಳುಗಳೇ ಹಿಡಿಯುತ್ತವೆ, ಬೇಸರ ಬೇಡ.

ಇನ್ನೊಂದು: ಕೆಳಗಿದ್ದಾಗ ಎದೆಯ ಮೇಲೆ ಕೂತವನನ್ನು ಕೈ ಉದ್ದ ಚಾಚಿ ತಳ್ಳಬೇಡಿ. ಚಾಚಿದ ಕೈಗೆ ಮೊಣಕೈಯನ್ನು ಹಿಮ್ಮುಖವಾಗಿ ಬಗ್ಗಿಸುವ ಆರ್ಮ್‌ಬಾರ್ ಕಾಯುತ್ತಿರುತ್ತದೆ. ಬೀಳುವಾಗ ನೆಲಕ್ಕೆ ಕೈ ಊರುವ ಚಟವಿದ್ದರೆ ಅದನ್ನೂ ಬಿಡಿ. ಮತ್ತೆ, ಹಗುರ ಹುಡುಗನಿಗೆ ಟ್ಯಾಪ್ ಮಾಡಲು ಹಿಂಜರಿದು ಹಲ್ಲು ಕಚ್ಚಿ ಕೂರುವುದು ಕುಸ್ತಿಯಿಂದ ಬಂದವರಲ್ಲಿ ಬಹಳ. ಮೊಣಕೈ ಹೋದರೆ ಆರು ತಿಂಗಳು ಕುಸ್ತಿಯೂ ಇಲ್ಲ, ಇದೂ ಇಲ್ಲ.

ಪ್ರಶ್ನೆ: ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ, 17 ವರ್ಷ. ಗ್ರ್ಯಾಪ್ಲಿಂಗ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಹುಡುಗರ ಜೊತೆ ಆಡಬೇಕಾಗುತ್ತದಂತೆ, ಕುತ್ತಿಗೆ ಬೇರೆ ಹಿಸುಕುತ್ತಾರಂತೆ. ಕಳಿಸಬೇಕೋ ಬೇಡವೋ?
— ಗದಗ-ಬೆಟಗೇರಿ

ಉತ್ತರ: ಕ್ಲಾಸು ನೋಡಿ ನಿರ್ಧರಿಸಿ, ಅಕ್ಕಾರೆ. ಒಂದು ಪೂರ್ತಿ ಕ್ಲಾಸು ನೀವೇ ಹೋಗಿ ಕೂತು ನೋಡಿ. ಪಾಲಕರು ಕೂರುವುದು ಬೇಡ ಎನ್ನುವ ಜಾಗಕ್ಕೆ ಕಳಿಸಲೇಬೇಡಿ. ಹೆಣ್ಣುಮಕ್ಕಳು ಈಗಾಗಲೇ ಎಷ್ಟು ಜನ ಬರುತ್ತಾರೆ, ಬಟ್ಟೆ ಬದಲಿಸಲು ಚಿಲಕವಿರುವ ಬೇರೆ ಕೋಣೆ ಇದೆಯೇ, ಕೋಚ್ ಜೋಡಿ ಮಾಡುವಾಗ ತೂಕ, ವಯಸ್ಸು ನೋಡುತ್ತಾರೆಯೇ, ಪಟ್ಟು ತೋರಿಸುವ ಮುನ್ನ ‘ಇಲ್ಲಿ ಹಿಡಿಯುತ್ತೇನೆ’ ಎಂದು ಹೇಳಿ ಮುಟ್ಟುತ್ತಾರೆಯೇ, ಇವನ್ನು ಗಮನಿಸಿ. ಯಾರೊಂದಿಗಾದರೂ ಆಡಲು ‘ಒಲ್ಲೆ’ ಎಂದರೆ ಕಾರಣ ಕೇಳದೆ ಬಿಡುವ ರೂಢಿ ಇರಬೇಕು. ಇದನ್ನು ಕೋಚ್ ಬಾಯಿಂದಲೇ, ಮಗಳ ಎದುರಿಗೇ ಕೇಳಿಸಿಕೊಳ್ಳಿ. ಮೊದಲ ತಿಂಗಳುಗಳಲ್ಲಿ ಅವಳ ತೂಕಕ್ಕೆ ಹತ್ತು ಕೆ.ಜಿ. ಒಳಗಿನ ಅಂತರದ ಜೊತೆಗಾರರು ಸಿಗುವುದು ಮುಖ್ಯ.

ಚೋಕ್ ಬಗ್ಗೆ: ಸರಿಯಾಗಿ ಕಲಿಸುವ ಕಡೆ ಟ್ಯಾಪ್ ಆದ ಕೂಡಲೇ ಬಿಡುತ್ತಾರೆ, ಮಕ್ಕಳಿಗೆ ಎಚ್ಚರ ತಪ್ಪುವ ಹಂತ ಬರುವುದಿಲ್ಲ. ಅಕಸ್ಮಾತ್ ತಪ್ಪಿದರೆ ಹಿಡಿತ ಬಿಟ್ಟು ಅಂಗಾತ ಮಲಗಿಸಿ, ಕಾಲು ಸ್ವಲ್ಪ ಎತ್ತಬೇಕು. ಸಾಮಾನ್ಯವಾಗಿ 10-20 ಸೆಕೆಂಡಿನಲ್ಲಿ ಎಚ್ಚರವಾಗುತ್ತದೆ. ಮುಖಕ್ಕೆ ನೀರು ಸುರಿಯುವುದು, ಬಾಯಿಗೆ ನೀರು ಹಾಕುವುದು ಕೂಡದು. ಆ ದಿನ ಮತ್ತೆ ಆಡಿಸಬಾರದು. ಅರ್ಧ ನಿಮಿಷದಲ್ಲಿ ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಬೇಕು. ಕ್ಲಾಸಾದ ಮೇಲೆ, ಒಂದೆರಡು ದಿನ ಕಳೆದ ಮೇಲಾದರೂ ಸರಿ, ಕುತ್ತಿಗೆಯ ಒಂದೇ ಬದಿಗೆ ಹೊಸ ಬಗೆಯ ತೀವ್ರ ನೋವು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಕಣ್ಣು ಮಂಜಾಗುವುದು ಕಂಡರೆ ತಡ ಮಾಡದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಇದು ಅಪರೂಪ, ಆದರೆ ಎಲ್ಲ ವಯಸ್ಸಿನವರಿಗೂ ಅನ್ವಯ.

ಗಾಜಿನ ಬಳೆ, ಹೇರ್‌ಪಿನ್ ಮನೆಯಲ್ಲೇ ಬಿಟ್ಟು ಹೋಗಲಿ. ಕೂದಲಿಗೆ ಬಟ್ಟೆಯ ರಬ್ಬರ್ ಬ್ಯಾಂಡ್ ಸಾಕು.

ಪ್ರಶ್ನೆ: ಕ್ಲಾಸ್ ಸೇರಿ ಎರಡು ತಿಂಗಳಾಗೈತಿ. ತೊಡಿ ಮ್ಯಾಲೆ, ಕುತ್ತಿಗಿ ಮ್ಯಾಲೆ ದುಂಡಗ ಗಜಕರ್ಣ ಎದ್ದೈತಿ. ಮೆಡಿಕಲ್ ಶಾಪ್‌ನ್ಯಾಗ ಒಂದು ಟ್ಯೂಬ್ ಕೊಟ್ರು, ನಾಕು ದಿನ ಆರಾಮಾತು, ಈಗ ಮೊದಲಿಗಿಂತ ಜಾಸ್ತಿ ಆಗೈತಿ. ಹಾಸ್ಟೆಲ್ ರೂಮ್‌ಮೇಟ್‌ಗೂ ಬಂದೈತಿ.
— ಸಪ್ತಾಪುರ, ಧಾರವಾಡ

ಉತ್ತರ: ಆ ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್ ಅಥವಾ ಬೆಟಾಮೆಥಾಸೋನ್ ಎಂದು ಬರೆದಿದೆಯೇ ನೋಡಿ. ಇದ್ದರೆ ಅದು ಸ್ಟೀರಾಯ್ಡ್ ಬೆರೆಸಿದ ಮುಲಾಮು. ಸ್ಟೀರಾಯ್ಡ್ ತುರಿಕೆ, ಕೆಂಪು ಇಳಿಸುತ್ತದೆ, ಆದರೆ ಚರ್ಮದ ಪ್ರತಿರೋಧವನ್ನೂ ಇಳಿಸುವುದರಿಂದ ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ನಿಮಗೆ ಆಗಿರುವ ಲಕ್ಷಣ ಇದೇ. ಟ್ಯೂಬ್ ತೆಗೆದುಕೊಂಡೇ ಚರ್ಮರೋಗ ತಜ್ಞರ ಬಳಿ ಹೋಗಿ. ಎರಡು-ಮೂರು ಕಡೆ ಹರಡಿದ್ದರೆ ನುಂಗುವ ಮಾತ್ರೆಯೂ ಬೇಕಾಗಬಹುದು. ಕಲೆ ಮಾಯವಾದ ಕೂಡಲೇ ಔಷಧ ಬಿಟ್ಟರೆ ಮರಳಿ ಬರುತ್ತದೆ, ವೈದ್ಯರು ಹೇಳಿದಷ್ಟು ದಿನ ಹಚ್ಚಿ. ರೂಮ್‌ಮೇಟ್‌ಗೂ ಜೊತೆಯಲ್ಲೇ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ.

ಅಲ್ಲಿಯವರೆಗೆ ಮ್ಯಾಟ್ ಹತ್ತಬೇಡಿ. ಅಮೆರಿಕದ ಕಾಲೇಜು ಕುಸ್ತಿಯ ನಿಯಮದಲ್ಲಿ ಮೈಮೇಲಿನ ಗಜಕರ್ಣಕ್ಕೆ ಕನಿಷ್ಠ 72 ತಾಸು ಮುಲಾಮು ಹಚ್ಚಿದ ಮೇಲಷ್ಟೇ ಆಡಲು ಬಿಡುತ್ತಾರೆ. ನಿಮ್ಮದು ಹಟಮಾರಿ ಜಾತಿಯದ್ದಾಗಿ ಕಾಣುವುದರಿಂದ ವೈದ್ಯರ ಒಪ್ಪಿಗೆ ಸಿಕ್ಕ ಮೇಲೇ ಹೋಗಿ. ಜೇನಿನ ಬಣ್ಣದ ಹೆಕ್ಕಳೆ ಕಟ್ಟುವ ಹುಣ್ಣು, ಕೀವು ತುಂಬಿದ ಕುರು, ಗುಂಪಾಗಿ ಏಳುವ ನೀರುಗುಳ್ಳೆ ಇವು ಗಜಕರ್ಣ ಅಲ್ಲ, ಇನ್ನೂ ಬೇಗ ಹರಡುವಂಥವು. ಬ್ಯಾಂಡೇಜ್ ಸುತ್ತಿಕೊಂಡು ಆಡುವುದು ಜೊತೆಗಾರರಿಗೆ ಮಾಡುವ ಅನ್ಯಾಯ.

ಕ್ಲಾಸು ಮುಗಿದು ಅರ್ಧ ತಾಸಿನೊಳಗೆ ಸೋಪು ಹಚ್ಚಿ ಸ್ನಾನ ಮಾಡಿ. ಒದ್ದೆ ಬಟ್ಟೆಯಲ್ಲೇ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡದವರೆಗೆ ಕೂತು ಬರುವುದೇ ತೊಡೆಸಂದಿನ ಗಜಕರ್ಣಕ್ಕೆ ಸಾಕು, ಜಿಮ್‌ನಲ್ಲೇ ಬಟ್ಟೆ ಬದಲಿಸಿ. ಒಂದು ಸಲ ತೊಟ್ಟ ರ‍್ಯಾಶ್ ಗಾರ್ಡ್ ಒಗೆಯದೆ ಮತ್ತೆ ತೊಡಬಾರದು. ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಧಾರವಾಡದ ಹಾಸ್ಟೆಲ್ ಕೋಣೆಯಲ್ಲಿ ಬಟ್ಟೆ ಒಂದು ದಿನಕ್ಕೆ ಒಣಗುವುದಿಲ್ಲ, ಆಗ ಮೂರು ಜೊತೆ ಬೇಕು. ಟವೆಲ್, ಹಾಸಿಗೆ ಬಟ್ಟೆ ಹಂಚಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಊರಾಗ ಕ್ಲಾಸ್ ಇಲ್ಲ. ನಾವು ಐದು ಮಂದಿ ಗೆಳೆಯರು ಮ್ಯಾಟ್ ತಂದು, ಮೊಬೈಲ್‌ನ್ಯಾಗ ನೋಡಿ ಕಲೀಬಹುದಾ?
— ರಾಣೆಬೆನ್ನೂರು

ಉತ್ತರ: ಅರ್ಧ ಕಲಿಯಬಹುದು. ಸೊಂಟ ಸರಿಸುವುದು, ಅಂಗಾತ ಮಲಗಿ ಪಾದ ಊರಿ ಸೊಂಟ ಎತ್ತುವ ಸೇತುವೆ ಹಾಕುವುದು, ಎದ್ದು ನಿಲ್ಲುವುದು, ಅಡ್ಡ ಬಿದ್ದವರ ಕೆಳಗಿನಿಂದ ಬಿಡಿಸಿಕೊಳ್ಳುವುದು, ಗಾರ್ಡ್ ದಾಟುವುದು, ಬೆನ್ನು ಹತ್ತಿ ಉಳಿಯುವುದು, ಇಷ್ಟನ್ನು ಪಟ್ಟು ಹಾಕದೆ ಅರ್ಧ ಬಲದಲ್ಲಿ ಆಡಿ. ಹೀಲ್ ಹುಕ್, ಕುತ್ತಿಗೆ ತಿರುಚುವ ಪಟ್ಟು, ನಿಂತವರ ಸೊಂಟಕ್ಕೆ ಜಿಗಿದು ಕಾಲು ಸುತ್ತುವುದು, ಕತ್ತರಿಯಂತೆ ಕಾಲು ಹಾಕಿ ಬೀಳಿಸುವುದು, ಎತ್ತಿ ಬಡಿಯುವುದು ಇವು ಕೋಚ್ ಇಲ್ಲದ ಕಡೆ ಬೇಡವೇ ಬೇಡ. ಕತ್ತರಿ ಪಟ್ಟಿನಲ್ಲಿ ಮೇಲಿಂದ ಬೀಳುವ ಭಾರವೆಲ್ಲ ಎದುರಿನವರ ಮೊಣಕಾಲಿನ ಬದಿಗೆ ಬೀಳುತ್ತದೆ. ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ನೇರ ರೈಲುಗಳಿವೆ. ತಿಂಗಳಿಗೊಂದು ಭಾನುವಾರ ಐವರೂ ಸೇರಿ ಹೋಗಿ ಒಬ್ಬ ಅನುಭವಿ ಕೋಚ್ ಕಣ್ಣಿಗೆ ಬಿದ್ದು ಬನ್ನಿ. ಮೊಬೈಲ್ ಪಟ್ಟು ತೋರಿಸುತ್ತದೆ, ನಿಮ್ಮ ಮೊಣಕೈ ಎಲ್ಲಿ ತೆರೆದಿದೆ ಎಂಬುದನ್ನು ತೋರಿಸುವುದಿಲ್ಲ.

ಮ್ಯಾಟ್ ಒಂದು ಮೀಟರ್ ಚೌಕದ, ಹಲ್ಲು ಜೋಡಿಸುವ ಇವಿಎ ಫೋಮಿನವು ಸಿಗುತ್ತವೆ. ನೆಲದ ಆಟಕ್ಕೆ 25 ಮಿ.ಮೀ. ನಡೆಯುತ್ತದೆ, ಕೆಡವುವುದಿದ್ದರೆ 40 ಮಿ.ಮೀ. ಬೇಕು. ಒಂದು ಜೋಡಿಗೆ 16 ತುಂಡು, ಎರಡು ಜೋಡಿ ಒಟ್ಟಿಗೆ ಆಡಲು ಕನಿಷ್ಠ 24. ಗೋಡೆಯಿಂದ ಒಂದು ಮೀಟರ್ ದೂರವಿರಲಿ. ಜೋಡಣೆಯ ಸಂದು ಬಿಟ್ಟರೆ ಅದರಲ್ಲಿ ಕಾಲ್ಬೆರಳು ಸಿಕ್ಕಿ ಮುರಿಯುತ್ತದೆ. ಹೊರ ಅಂಚಿಗೆ ಕಟ್ಟಿಗೆಯ ಚೌಕಟ್ಟು ಹೊಡೆದರೆ ತುಂಡುಗಳು ಸರಿಯುವುದಿಲ್ಲ. ಪ್ರತಿ ಸಲ ಆಡಿದ ಮೇಲೆ ಒರೆಸಿ: ಶೇ 4-5ರ ಬ್ಲೀಚ್ ದ್ರಾವಣ 20 ಮಿ.ಲೀ. ಒಂದು ಲೀಟರ್ ನೀರಿಗೆ, ಅಂದೇ ಬೆರೆಸಿದ್ದು. ಹತ್ತು ನಿಮಿಷ ಹಸಿಯಾಗಿಯೇ ಬಿಟ್ಟು, ಆಮೇಲೆ ಬರಿ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಟಾಯ್ಲೆಟ್ ಕ್ಲೀನರ್, ಆಸಿಡ್ ಜೊತೆ ಬ್ಲೀಚ್ ಬೆರೆಸಿದರೆ ವಿಷಗಾಳಿ ಏಳುತ್ತದೆ, ಆ ಬಕೀಟನ್ನೇ ಬೇರೆ ಇಡಿ.

ಪ್ರಶ್ನೆ: ನಿನ್ನೆ ಕ್ಲಾಸಿನಲ್ಲಿ ಕಿವಿ ಉಜ್ಜಿ ಊದಿಕೊಂಡಿದೆ, ಒತ್ತಿದರೆ ಮೆತ್ತಗಿದೆ. ಪೈಲ್ವಾನರಿಗೆ ಇದು ಸಹಜ, ಬಿಡು ಎನ್ನುತ್ತಾರೆ. ಬಿಡಲೇ?
— ನವಲಗುಂದ

ಉತ್ತರ: ಬಿಡಬೇಡಿ. ಕಿವಿಯ ಚರ್ಮಕ್ಕೂ ಮೃದ್ವಸ್ಥಿಗೂ ನಡುವೆ ರಕ್ತ ತುಂಬಿದೆ. ಮೃದ್ವಸ್ಥಿಗೆ ಪೋಷಣೆ ಸಿಗುವುದು ಮೇಲಿನ ಪೊರೆಯಿಂದ. ರಕ್ತ ಆ ಪೊರೆಯನ್ನು ಬೇರೆ ಮಾಡಿದರೆ ಮೃದ್ವಸ್ಥಿ ಸಾಯುತ್ತದೆ, ಆ ಜಾಗ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಒಂದೆರಡು ದಿನದಲ್ಲೇ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ ರಕ್ತ ತೆಗೆಸಿ. ತೆಗೆದ ಮೇಲೆ ಬಿಗಿಯಾಗಿ ಒತ್ತಿ ಕಟ್ಟಬೇಕು, ಇಲ್ಲದಿದ್ದರೆ ಮತ್ತೆ ತುಂಬುತ್ತದೆ. ವಾರ ಕಳೆದರೆ ಗಟ್ಟಿಯಾಗತೊಡಗುತ್ತದೆ, ಆಮೇಲೆ ಶಸ್ತ್ರಚಿಕಿತ್ಸೆಯೊಂದೇ ಗತಿ. ಗೆಳೆಯರ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳಬೇಡಿ. ಸೋಂಕು ಮೃದ್ವಸ್ಥಿಗೆ ಇಳಿದರೆ ಕಿವಿಯ ಆಕಾರವೇ ಹೋಗುತ್ತದೆ. ವೈದ್ಯರು ಸರಿ ಎನ್ನುವವರೆಗೆ ರೋಲಿಂಗ್ ಬೇಡ, ಮರಳಿ ಹೋಗುವಾಗ ಇಯರ್ ಗಾರ್ಡ್ ತೊಟ್ಟು ಹೋಗಿ.